ತಟ್ಟೆಯಮ್ಮನ ಹತ್ತೊಂಬತ್ತನೆಯ ವಾರ

ಬಾವಿಯ ಗೋಡೆಗೆ ಕಿವಿಯಿಟ್ಟು ನೀರಿನ ಆಳ ಹೇಳುತ್ತಿದ್ದವನು ತಟ್ಟೆಯಮ್ಮನ ಮುತ್ತಾತ. ಹೂಳು ತೆಗೆಯುವುದು ಅವನ ಕಸುಬು. ಒಂದು ಕಲ್ಲನ್ನು ಒಳಗೆ ಬಿಟ್ಟು, ಬಿದ್ದ ಸದ್ದು ಕೇಳಿ, "ಎರಡಾಳು ನೀರು, ಮೊಣಕಾಲುದ್ದ ಕೆಸರು, ಮೂಲೆಯಲ್ಲೊಂದು ಒಡಕು ಕೊಡ" ಎನ್ನುತ್ತಿದ್ದ. ಇಳಿದು ನೋಡಿದರೆ ಕೊಡ ಸಮೇತ ಎಲ್ಲವೂ ಇರುತ್ತಿತ್ತು. ಜನ ಅವನನ್ನು ಕಿವಿಯಜ್ಜ ಎಂದೇ ಕರೆದರು. ಒಂದು ಬೇಸಿಗೆಯಲ್ಲಿ ಬೀದಿಯ ಮನೆಮನೆಗೂ ವಾಂತಿಭೇದಿ ಹೊಕ್ಕು ಹೆಣ ಬೀಳತೊಡಗಿದಾಗ, ಯಾರ ಅಪ್ಪಣೆಗೂ ಕಾಯದೆ ಬಾವಿಕಟ್ಟೆಯ ಮೇಲೆ ಮೂರು ದಿನ ಕುಳಿತು, ಕೊಡ ಹಿಡಿದು ಬಂದವರನ್ನೆಲ್ಲ ಬೈದು ಅಟ್ಟಿದ. ಬೈಸಿಕೊಂಡವರು ಬದುಕಿದರು. ಬದುಕಿದ ಮೇಲೆ ಅವನನ್ನೇ ಬೈದರು. ಲೋಕ ಇರುವುದೇ ಹಾಗೆ.

ಅವನ ಸೊಸೆ ಸೂಲಗಿತ್ತಿ. ಕತ್ತರಿ ಕುದಿಯದೆ ಆಕೆ ಹೊಸ್ತಿಲು ದಾಟುತ್ತಿರಲಿಲ್ಲ. ಒಳಗಿನಿಂದ ಹೆರುವವಳ ಚೀರಾಟ, ಹೊರಗಿನಿಂದ ಗಂಡಸರ ಕೂಗಾಟ, ನಡುವೆ ಒಲೆಯ ಮುಂದೆ ಈಕೆ ತಣ್ಣಗೆ ಕುಳಿತು, "ಕೂಸು ಅವಸರ ಮಾಡಿದರೆ ಮಾಡಲಿ, ನೀರು ಅವಸರ ಮಾಡಬಾರದು" ಎನ್ನುತ್ತಿದ್ದಳು. ಅಕ್ಷರ ಬಾರದ ಹೆಂಗಸು ಗುಳ್ಳೆ ನೋಡಿ ಹೊತ್ತು ಅಳೆಯುತ್ತಿದ್ದಳು. ಬಿಸಿನೀರಜ್ಜಿ ಎಂದರೆ ಅವಳು.

ಅವಳ ಮಗ ಆಸ್ಪತ್ರೆಯ ಬಟ್ಟೆ ಕುದಿಸುವ ಹಬೆಯಪ್ಪ. ಜ್ವರದ ವಾರ್ಡಿನ ಹೊದಿಕೆಗಳ ಮೂಲೆಗೆ ಗಂಟು ಹಾಕಿ ಬೇರೆ ಹಂಡೆಗೆ ಹಾಕುತ್ತಿದ್ದ. ಹೊಸದಾಗಿ ಬಂದ ಮೇಲಧಿಕಾರಿಯೊಬ್ಬ, "ಎರಡು ಹಂಡೆ ಯಾಕಯ್ಯ? ಎಲ್ಲಾ ಒಂದಕ್ಕೇ ತುಂಬು" ಎಂದಾಗ, "ಆಗ್ಲಿ ಸ್ವಾಮಿ, ನಾಳೆಯಿಂದ ನಿಮ್ಮನೆ ಹೊದಿಕೆನೂ ತಂದು ಇದಕ್ಕೇ ಹಾಕಿ" ಎಂದನಂತೆ. ಹಂಡೆಗಳು ಎರಡಾಗಿಯೇ ಉಳಿದವು.

ಇಂಥವರ ವಂಶದಲ್ಲಿ ಹುಟ್ಟಿದವಳು ತಟ್ಟೆಯಮ್ಮ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಈ ಸೀರೆಯಲ್ಲಿ ಮೂರು ತಲೆಮಾರಿನ ನೂಲೂ ಕಾಣುತ್ತಿತ್ತು.

ಆಸ್ಪತ್ರೆಯ ಹಿಂಬದಿಯ ಕಟ್ಟಡದ ಮೊದಲ ಮಹಡಿಯಲ್ಲಿ, ಉದ್ದ ಓಣಿಯ ಕೊನೆಯ ಕೋಣೆ ಆಕೆಯದು. ಬಾಗಿಲ ಪಕ್ಕದಲ್ಲಿ ಹಬೆಯ ಒತ್ತಡದಲ್ಲಿ ಸಾಮಾನು ಕುದಿಸುವ ಆಳೆತ್ತರದ ಯಂತ್ರ. ಅದಕ್ಕೆ ದೊಡ್ಡ ಹೆಸರಿದ್ದರೂ ಎಲ್ಲರ ಬಾಯಲ್ಲೂ ಅದು ದೊಡ್ಡ ಕುಕ್ಕರ್. ನಡುವೆ ಕಲ್ಲಿನ ಮೇಜು. ಕಿಟಕಿಯ ಕೆಳಗೆ ತೊಳೆದ ಬಾಟಲಿಗಳು ತಲೆಕೆಳಗಾಗಿ ನೀರು ಸೋರಿಸುತ್ತ ನಿಂತಿರುತ್ತಿದ್ದವು. ಕಡಲಪಾಚಿಯಿಂದ ತೆಗೆದ ಅಂಟಿನ ಪುಡಿಯನ್ನು, ರೋಗಾಣು ತಿಂದು ಬೆಳೆಯುವಂಥ ಸಾರದ ನೀರಲ್ಲಿ ಕುದಿಸಿ, ಹದಕ್ಕೆ ಆರಿಸಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಿಗೆ ಸುರಿದು ಮುಚ್ಚಳ ಮುಚ್ಚುವುದು ಕೆಲಸ. ಆರಿದರೆ ಅದು ನುಣ್ಣಗೆ ಗಟ್ಟಿಯಾಗುತ್ತದೆ. ರೋಗಾಣು ಅದರ ಮೇಲೆ ಬಿದ್ದರೆ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟಾಗ ಕಣ್ಣಿಗೆ ಕಾಣದ್ದು ಬೊಟ್ಟುಬೊಟ್ಟಾಗಿ ಎದ್ದು ಮುಖ ತೋರಿಸುತ್ತದೆ. ದಿನಕ್ಕೆ ಮುನ್ನೂರು ತಟ್ಟೆಯಂತೆ ಇಪ್ಪತ್ತಾರು ವರ್ಷ ಸುರಿದ ಕೈ ಅದು. ಬಾಟಲಿಯ ಹೊಟ್ಟೆಗೆ ಮುಂಗೈ ತಾಗಿಸಿ, "ಇನ್ನೂ ಎರಡು ನಿಮಿಷ" ಎಂದರೆ, ಬಿಸಿ ಅಳೆಯುವ ಕೋಲೂ ಅದನ್ನೇ ಹೇಳುತ್ತಿತ್ತು.

ಕೆಲಸ ಕಲಿಯಲು ಬಂದವರಿಗೆಲ್ಲ ಆಕೆಯ ಮೊದಲ ಪಾಠ ಒಂದೇ.

"ಗುರುತು ಬರೆಯೋದು ತಟ್ಟೆ ಅಡಿಗೆ. ಮುಚ್ಚಳಕ್ಕಲ್ಲ. ಮುಚ್ಚಳ ಅನ್ನೋದು ಟೋಪಿ ಇದ್ದ ಹಾಗೆ ಕಣ್ರಪ್ಪಾ, ಯಾರ ತಲೆ ಮೇಲಾದ್ರೂ ಕೂರುತ್ತೆ. ಮಚ್ಚೆ ಮೈಮೇಲೆ ಇರ್ಬೇಕು."

ಹತ್ತನೇ ತರಗತಿ, ಆಮೇಲೆ ಒಂದು ವರ್ಷದ ಲ್ಯಾಬ್ ತರಬೇತಿ, ಅಷ್ಟೇ ಆಕೆಯ ಓದು. ಆದರೆ ಓದು ಮುಗಿಯಿತು ಎಂದು ಯಾರೂ ಆಕೆಗೆ ಹೇಳಿರಲಿಲ್ಲವೋ, ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲವೋ. ಡಾಕ್ಟರುಗಳು ಓದಿ ಬಿಸಾಡಿದ ಸಂಶೋಧನಾ ಪತ್ರಿಕೆಗಳನ್ನು ಮನೆಗೆ ಒಯ್ದು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು, ಒಂದೊಂದು ಪದವನ್ನೂ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು. ಮೊದಲ ಲೇಖನ ಓದಲು ಹನ್ನೊಂದು ವಾರ ಹಿಡಿಯಿತು. ನೂರನೆಯದಕ್ಕೆ ಒಂದು ಭಾನುವಾರ ಸಾಕಾಯಿತು.

ಆಕೆಯ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಪೇಟೆಯವರು ಅವನನ್ನು ಬೋರ್ಡಪ್ಪ ಎನ್ನುತ್ತಿದ್ದರು. ಯಂತ್ರದಲ್ಲಿ ಬೋರ್ಡು ಅಚ್ಚಾಗುವ ಈ ಕಾಲದಲ್ಲೂ ಅವನ ಕೈಬರಹಕ್ಕೆ ಕಾದು ನಿಲ್ಲುವ ಅಂಗಡಿಗಳಿದ್ದವು. ಅಕ್ಷರದ ಹೊಟ್ಟೆ ತುಂಬಿಸುವುದರಲ್ಲಿ, ಬಾಲ ತಿರುಗಿಸುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಹೆಂಡತಿಯ ಬರಹ ಕಂಡರೆ ಮಾತ್ರ ರೇಗುತ್ತಿದ್ದ.

"ಏನೇ ಇದು, ಕಾಗೆ ಕಾಲು ಗುಬ್ಬಿ ಕಾಲು? ನಿನ್ನ ರೋಗಾಣುಗಳೇ ಎದ್ದು ಬಂದು ಬರೆದ ಹಾಗಿದೆ."

"ಅವಕ್ಕೆ ಅರ್ಥ ಆದ್ರೆ ಸಾಕು ಬಿಡ್ರೀ."

ವಾರಕ್ಕೊಮ್ಮೆ ಆಕೆ ತಟ್ಟೆಗಳ ಡಬ್ಬ ಹೊತ್ತು ಹಸುಗೂಸುಗಳ ವಾರ್ಡಿಗೆ ಹೋಗುತ್ತಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಯಬಹುದಾದ ಕೂಸುಗಳು ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದವು. ಆ ವಾರ್ಡಿಗೊಂದು ಪೀಡೆ ಅಂಟಿಕೊಂಡಿತ್ತು. ಹಸಿರು ಛಾಯೆಯ ಬೊಟ್ಟು ಬಿಡುವ ಒಂದು ರೋಗಾಣು. ಉಜ್ಜಿ ತೊಳೆದರೆ ಹೋಗುವುದು, ತಿಂಗಳೊಳಗೆ ಮತ್ತೆ ಬರುವುದು. ಆ ವರ್ಷ ಆರು ಕೂಸುಗಳಿಗೆ ಜ್ವರ ಬಂತು. ಒಂದಂತೂ ಹನ್ನೆರಡು ದಿನ ಅತ್ತಲೂ ಹೋಗದೆ ಇತ್ತಲೂ ಬಾರದೆ ತೂಗಾಡಿ, ಕೊನೆಗೆ ಈ ಕಡೆಗೇ ಬಂತು. ಗೋಡೆ ಸವರಿ ನೋಡಿದರು, ಬಾಗಿಲ ಹಿಡಿ ನೋಡಿದರು, ಸಿಸ್ಟರುಗಳ ಕೈ ನೋಡಿದರು. ಕಳ್ಳ ಸಿಗಲಿಲ್ಲ.

ಒಂದು ದಿನ ಸಿಸ್ಟರ್ ಸಹಿ ಹಾಕುವುದನ್ನು ಕಾಯುತ್ತ ತಟ್ಟೆಯಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೈ ತೊಳೆಯುವ ಬೇಸಿನ್ನುಗಳು ಐದು, ಸಾಲಾಗಿ ಇದ್ದವು. ಒಬ್ಬರಾದ ಮೇಲೊಬ್ಬರು ಬಂದು ಕೈ ತೊಳೆದು ಹೋದರು. ಆಕೆಯ ಕಿವಿ ನಿಮಿರಿತು. ಮೂರು ಬೇಸಿನ್ನುಗಳಲ್ಲಿ ನೀರು ಜಾರಿ ಇಳಿಯುವ ಸದ್ದು. ಮೂರನೆಯದರಲ್ಲೂ ಐದನೆಯದರಲ್ಲೂ ಬೇರೆಯೇ ಸದ್ದು, ಗುಳುಗುಳು ಎಂದು, ಬಾವಿಗೆ ಬಿದ್ದ ಹಾಗೆ. ಹತ್ತಿರ ಹೋಗಿ ನೋಡಿದಳು. ಆ ಎರಡರಲ್ಲಿ ನಲ್ಲಿಯ ನೀರು ನೇರವಾಗಿ ಕೊಳವೆಯ ತೂತಿಗೇ ಬೀಳುತ್ತಿತ್ತು. ಉಳಿದವುಗಳಲ್ಲಿ ಬೇಸಿನ್ನಿನ ಇಳಿಜಾರಿಗೆ ಬಿದ್ದು ಹರಿದುಹೋಗುತ್ತಿತ್ತು.

ತೂತಿನೊಳಗೆ ಲೋಳೆ ಇರುತ್ತದೆ. ಮೇಲಿಂದ ನೀರು ಬಡಿದರೆ ಆ ಲೋಳೆಯ ಹನಿ ಹಾರುತ್ತದೆ. ಹಾರಿದ ಹನಿ ಎಲ್ಲಿ ಹೋಗಿ ಕೂರುತ್ತದೆ? ಆಗಷ್ಟೇ ತೊಳೆದ ಕೈಯ ಮೇಲೆಯೇ?

ಕಿವಿಯಜ್ಜನ ಕಲ್ಲು ಬಿದ್ದದ್ದು ಅಲ್ಲಿ.

ಅಂದಿನಿಂದ ಬುಧವಾರ ಬುಧವಾರ ಅರುವತ್ತು ತಟ್ಟೆ. ಒಂದೊಂದು ಬೇಸಿನ್ನಿಗೆ ಹನ್ನೆರಡು. ಅರ್ಧ ಅಡಿ, ಒಂದಡಿ, ಎರಡಡಿ, ಮೂರಡಿ ದೂರದಲ್ಲಿ ಮೂರು ಮೂರು. ಮುಚ್ಚಳ ತೆಗೆದು ಆಯಾ ತಟ್ಟೆಯ ಕೆಳಗೇ ಇಟ್ಟು, ಅರ್ಧ ಗಂಟೆ ಬಿಟ್ಟು, ಮುಚ್ಚಿ ತರುವುದು. ಬಿಡುವಿನ ಹೊತ್ತಿನಲ್ಲಿ, ಯಾರೂ ಹೇಳದೆ, ಆದರೆ ದೊಡ್ಡ ಮೇಡಂ ಅವರಿಗೆ ಹೇಳಿ, ಒಪ್ಪಿಗೆ ಪಡೆದು. ದೊಡ್ಡ ಮೇಡಂ ಎಂದರೆ ಲ್ಯಾಬಿನ ಮುಖ್ಯ ಡಾಕ್ಟರು. ವಯಸ್ಸಿನಲ್ಲಿ ಇವಳಿಗಿಂತ ನಾಲ್ಕು ವರ್ಷ ಚಿಕ್ಕವರು.

ವಾರ್ಡಿನ ಸಿಸ್ಟರ್ ನಕ್ಕರು. "ಏನ್ ತಟ್ಟೆಯಮ್ಮ, ಬೇಸಿನ್ ಸುತ್ತ ತಟ್ಟೆ ಹಾಕಿದ್ದೀರಿ, ಯಾರಿಗೆ ಪಂಕ್ತಿ?"

"ಕಣ್ಣಿಗೆ ಕಾಣದ ನೆಂಟರಿಗೆ ಸಿಸ್ಟರ್. ಉಂಡು ಕೈ ಒರೆಸಿಕೊಂಡು ಹೋಗ್ತಿದ್ರು. ಈಗ ಉಂಡ ತಟ್ಟೇಲೇ ಸಿಕ್ಕಿಬೀಳ್ತಾರೆ."

ಸಿಕ್ಕಿಬಿದ್ದರು ಕೂಡ. ವಾರವಾರವೂ ಅರುವತ್ತರಲ್ಲಿ ಹತ್ತೊಂಬತ್ತರಿಂದ ಇಪ್ಪತ್ಮೂರು ತಟ್ಟೆಗಳಲ್ಲಿ ಹಸಿರು ಬೊಟ್ಟು. ಅವುಗಳಲ್ಲಿ ಒಂದೆರಡು ಬಿಟ್ಟರೆ ಎಲ್ಲವೂ ಮೂರನೆಯ ಮತ್ತು ಐದನೆಯ ಬೇಸಿನ್ನಿನವು.

ದೊಡ್ಡ ಮೇಡಂ ಆ ಲೆಕ್ಕದ ಹಾಳೆಗಳನ್ನು ಎರಡು ಸಲ ತಿರುವಿ ನೋಡಿದವರು, ಮರುದಿನ ಒಂದು ಕಾಗದ ತಂದು ಕಲ್ಲಿನ ಮೇಜಿನ ಮೇಲಿಟ್ಟರು. ಸೋಂಕು ಜೀವಶಾಸ್ತ್ರದ ಸಂಶೋಧನಾ ಸಂಸ್ಥೆಯೊಂದರ ಪ್ರಕಟಣೆ ಅದು. ಎರಡು ವರ್ಷದ ಫೆಲೋಶಿಪ್ಪು. ಸಂಸ್ಥೆಯ ಲ್ಯಾಬಿನಲ್ಲಿ ಸ್ವಂತ ಪ್ರಶ್ನೆಯ ಮೇಲೆ ಕೆಲಸ. ಹತ್ತು ಸ್ಥಾನಗಳಲ್ಲಿ ಒಂದು, ಪದವಿ ಇಲ್ಲದೆ ಲ್ಯಾಬಿನಲ್ಲಿ ದುಡಿದವರಿಗೆ. ವಯಸ್ಸು ಐವತ್ತು ತುಂಬಿರಬಾರದು.

"ನಿಮಗೆ ವಯಸ್ಸೆಷ್ಟು ಈಗ?"

"ನಲವತ್ತೊಂಬತ್ತು ಮೇಡಂ. ಅರ್ಜಿ ಮುಗಿದು ಎರಡು ತಿಂಗಳಿಗೆ ಐವತ್ತು."

"ಹಾಗಾದ್ರೆ ಈ ಸಲ ಇಲ್ಲಾಂದ್ರೆ ಇನ್ನಿಲ್ಲ."

ಆಕೆ ಕಾಗದವನ್ನು ಕೈಗೆತ್ತಿಕೊಳ್ಳಲಿಲ್ಲ. ಕೈ ಒದ್ದೆಯಾಗಿತ್ತು. ಬಗ್ಗಿ ನಿಂತೇ ಪೂರ್ತಿ ಓದಿದಳು. ಸ್ವಂತ ಪ್ರಶ್ನೆ ಎಂಬ ಎರಡು ಪದದ ಹತ್ತಿರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಇಪ್ಪತ್ತಾರು ವರ್ಷ ಬೇರೆಯವರ ಪ್ರಶ್ನೆಗಳಿಗೆ ತಟ್ಟೆ ಸುರಿದವಳಿಗೆ ಆ ಎರಡು ಪದ ಏನೆಂದು ಬೇರೆಯವರಿಗೆ ಹೇಳಿದರೆ ಅರ್ಥವಾಗದು.

ಅರ್ಜಿಗೆ ಸಾಕ್ಷಿ ಗಟ್ಟಿಯಾಗಬೇಕು. ಎರಡು ಬೇಸಿನ್ನು ಕೆಟ್ಟವು ಎಂದು ದೂರಿದರೆ ಅದು ಚಾಡಿ; ನೀರು ಬೀಳುವ ಜಾಗ ಬದಲಿಸಿದರೆ ಬೊಟ್ಟು ನಿಲ್ಲುತ್ತದೆ ಎಂದು ತೋರಿಸಿದರೆ ಅದು ಉತ್ತರ. ಆಕೆ ಆಸ್ಪತ್ರೆಯ ನಲ್ಲಿ ರಿಪೇರಿಯವನನ್ನು ಹಿಡಿದಳು. ಅವನು ತಲೆ ಕೆರೆದುಕೊಂಡ.

"ಅಕ್ಕಾ, ಚೆನ್ನಾಗಿರೋ ನಲ್ಲೀನ ಸೊಟ್ಟ ಮಾಡು ಅಂತೀರಲ್ಲ. ಮೂವತ್ತು ವರ್ಷದಲ್ಲಿ ಸೊಟ್ಟ ಇರೋದನ್ನ ನೆಟ್ಟಗೆ ಮಾಡು ಅಂದೋರೇ ಎಲ್ಲಾ."

"ನಾಲ್ಕು ಬೆರಳು ಈ ಕಡೆ ತಿರುಗಿಸಪ್ಪ ಸಾಕು. ಮೂರನೇದಕ್ಕೆ ಮಾತ್ರ. ಐದನೇದು ಇದ್ದ ಹಾಗೇ ಇರ್ಲಿ, ಹೋಲಿಸಿ ನೋಡೋಕೆ."

ಅವನು ಮೂರನೆಯ ನಲ್ಲಿಗೆ ಒಂದು ಕತ್ತು ಜೋಡಿಸಿ ನೀರನ್ನು ಇಳಿಜಾರಿಗೆ ತಿರುಗಿಸಿದ. ಕಟ್ಟಡದ ಕಚೇರಿಯವರು ಒಂದೇ ವಾರಕ್ಕೆ ಒಪ್ಪಿದ್ದರು. ಅದು ಹತ್ತೊಂಬತ್ತನೆಯ ವಾರ. ಅರ್ಜಿಗೆ ಇದ್ದದ್ದು ಅದೊಂದೇ ವಾರ.

ಆ ವಾರದ ಸೋಮವಾರ ದೊಡ್ಡ ಕುಕ್ಕರಿನ ಬಾಗಿಲು ತೆರೆಯುವಾಗ ಹಬೆ ನುಗ್ಗಿ ಆಕೆಯ ಬಲ ಅಂಗೈ ಬೆಂದಿತು. ಬೆರಳು ಬೆರಳಿಗೆ ಬಟ್ಟೆ ಸುತ್ತಿ ಕಳಿಸಿದರು. ಎಡಗೈಯಲ್ಲಿ ಸುರಿಯಬಹುದು, ಬರೆಯುವುದು ಹೇಗೆ? ಅರುವತ್ತು ತಟ್ಟೆಗೆ ಬೇಸಿನ್ನಿನ ಸಂಖ್ಯೆ, ದೂರ, ದಿನಾಂಕ.

"ನಾನಿಲ್ವೇನೇ?" ಎಂದ ಬೋರ್ಡಪ್ಪ. "ಈ ತಟ್ಟೆ ಬರೆಯೋದನ್ನ ನನ್ನ ಕೈಗೆ ಕೊಡದೆ ನಿನ್ನ ಕೈಗೆ ಕೊಟ್ಟಿದ್ದೇ ದೇವರು ಮಾಡಿದ ತಪ್ಪು."

ಮಂಗಳವಾರ ಮಧ್ಯಾಹ್ನ ಅವನು ಓಣಿಯ ಬೆಂಚಿನ ಮೇಲೆ ಕುಳಿತು, ಇನ್ನೂ ಬಳಸದ ಹೊಸ ತಟ್ಟೆಗಳಿಗೆ ಒಂದೊಂದಾಗಿ ಬರೆದ. ತಟ್ಟೆಯಮ್ಮ ಒಳಗೆ ಬಾಟಲಿಗಳ ಹತ್ತಿರ ಇದ್ದಳು. ಮುಗಿದ ಮೇಲೆ ಬಂದು ನೋಡಿದರೆ, ಅರುವತ್ತು ತಟ್ಟೆಗಳೂ ಪುಟ್ಟ ಅಂಗಡಿಗಳ ಹಾಗೆ ಥಳಥಳಿಸುತ್ತಿದ್ದವು. ಒಂದೊಂದು ಅಂಕಿಗೂ ಹೊಟ್ಟೆ, ಒಂದೊಂದು ಅಕ್ಷರಕ್ಕೂ ಬಾಲ. ಎಲ್ಲವೂ ಮುಚ್ಚಳದ ಮೇಲೆ. ಬೋರ್ಡು ಬರೆಯುವವನಿಗೆ ಬೋರ್ಡು ಇರುವುದು ಮುಂಬಾಗಿಲ ಮೇಲೆ. ಮನೆಯ ಅಡಿಪಾಯಕ್ಕೆ ಯಾರು ಹೆಸರು ಬರೆಯುತ್ತಾರೆ?

"ಹೆಂಗೈತೆ?" ಎಂದು ಹುಬ್ಬು ಕುಣಿಸಿದ. ಕಣ್ಣಲ್ಲಿ ಮದುವೆಯಾದ ಹೊಸತರ ಖುಷಿ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳ ಕೆಲಸಕ್ಕೆ ಅವನ ಕೈ ತಾಗಿದ್ದು ಅದೇ ಮೊದಲು.

ಆಕೆ ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು. 'ಟೇಪು ಸುತ್ತಿದರಾಯಿತು, ಮುಚ್ಚಳ ಎಲ್ಲಿಗೆ ಹೋಗುತ್ತೆ' ಎಂದುಕೊಂಡಳು.

"ಚೆನ್ನಾಗಿದೆ ರೀ" ಎಂದಳು.

ಬುಧವಾರ ತಟ್ಟೆಗಳು ವಾರ್ಡಿಗೆ ಹೋಗಿಬಂದವು. ಒಂದು ಕೈಯಲ್ಲಿ ಟೇಪು ಸುತ್ತಲು ಆಗಲಿಲ್ಲ. ಶುಕ್ರವಾರ ಬೆಳಗ್ಗೆ ಬೆಚ್ಚನೆಯ ಪೆಟ್ಟಿಗೆಯಿಂದ ಟ್ರೇ ತೆಗೆದು, ಎಡಗೈಯಲ್ಲೂ ಬಲ ಮೊಣಕೈಯಲ್ಲೂ ಆನಿಸಿಕೊಂಡು ಎಣಿಸುವ ಮೇಜಿಗೆ ಹೊರಟಳು. ಬಾಗಿಲಿನ ಅಂಚು ಟ್ರೇಗೆ ತಾಗಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅರುವತ್ತು ತಟ್ಟೆಗಳು ನೆಲದ ಮೇಲೆ ಚಕ್ರದ ಹಾಗೆ ಉರುಳಿದವು. ಹನ್ನೊಂದು ಮಾತ್ರ ಬಾಯಿ ಬಿಡದೆ ಉಳಿದವು. ಉಳಿದ ನಲವತ್ತೊಂಬತ್ತರಲ್ಲಿ ತಟ್ಟೆ ಒಂದು ಕಡೆ, ಮುಚ್ಚಳ ಒಂದು ಕಡೆ. ಹೆಸರುಗಳು ನೆಲದ ತುಂಬ ಚೆಂದಾಗಿ ಹೊಳೆಯುತ್ತಿದ್ದವು. ಬೊಟ್ಟುಗಳು ಅನಾಥವಾಗಿ ಬಿದ್ದಿದ್ದವು.

ಸದ್ದಿಗೆ ದೊಡ್ಡ ಮೇಡಂ ಓಡಿಬಂದರು. ಆಕೆ ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದಳು, ಅಳುತ್ತಿರಲಿಲ್ಲ. ಅರ್ಜಿಗೆ ಉಳಿದದ್ದು ನಾಲ್ಕು ದಿನ. ನಲ್ಲಿಯ ಕತ್ತನ್ನು ಅದೇ ಬೆಳಗ್ಗೆ ಬಿಚ್ಚಿಕೊಂಡು ಹೋಗಿದ್ದರು.

ಮೇಡಂ ತಾವೂ ಬಗ್ಗಿ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದರು.

"ನೋಡ್ರೀ, ಇದರ ತುಂಬ ಹಸಿರು ಬೊಟ್ಟು. ಇದು ಐದನೇ ಬೇಸಿನ್ನಿಂದೇ, ಇನ್ನೆಲ್ಲಿಂದ ಬರುತ್ತೆ? ಇದು ಖಾಲಿ. ಮೂರನೇದೋ ಒಂದನೇದೋ ಇರಬೇಕು. ಇಬ್ಬರೂ ಕೂತ್ರೆ ಒಂದು ಗಂಟೇಲಿ ಜೋಡಿಸಿಬಿಡ್ತೀವಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಹೇಳಿದವರು ಕೆಟ್ಟವರಲ್ಲ. ಕೆಟ್ಟ ಉದ್ದೇಶವೂ ಅಲ್ಲ. ಒಂದು ಒಳ್ಳೆಯ ಕೆಲಸ ಬಾಗಿಲ ಅಂಚು ತಾಗಿ ಹಾಳಾಗುವುದನ್ನು ನೋಡಲಾಗದೆ ಹೇಳಿದ್ದು. ತಟ್ಟೆಯಮ್ಮನ ಎದೆಯೂ ಒಂದು ಗಳಿಗೆ ಆ ಕಡೆಗೆ ವಾಲಿತು. ಇಲ್ಲವೆಂದರೆ ಸುಳ್ಳಾದೀತು. ಮುಚ್ಚಳ ಕೈಯಲ್ಲೇ ಇತ್ತು. ತಟ್ಟೆ ಎದುರಿಗೇ ಇತ್ತು.

"ಮೇಡಂ," ಎಂದಳು ಕೊನೆಗೆ, "ಮೂರನೇದು ಖಾಲಿ ಇರುತ್ತೋ ಇಲ್ವೋ ಅಂತ ಕೇಳೋಕೆ ತಾನೇ ಈ ತಟ್ಟೆ ಇಟ್ಟಿದ್ದು? ಖಾಲಿ ಇರೋದನ್ನೆಲ್ಲ ಮೂರನೇದು ಅಂತ ಬರೆದ್ರೆ, ಮಗು ಹುಟ್ಟೋ ಮೊದ್ಲೇ ಗಂಡು ಅಂತ ಬರೆದಿಟ್ಟು, ಆಮೇಲೆ ಬರೆದದ್ದನ್ನ ತೋರಿಸಿ ಗಂಡು ಅಂದ ಹಾಗಾಗುತ್ತೆ. ನಾನು ಹಾಗೆ ಸುಮ್ನೆ ಜೋಡಿಸಿದ್ರೆ ಇದುವರೆಗಿನ ಹದಿನೆಂಟು ವಾರನೂ ಹೊಲಸಾಗುತ್ತೆ."

ಮೇಡಂ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಕಿವಿ ಕೆಂಪಾಗಿತ್ತು.

"ಹಾಗಾದ್ರೆ ಈ ವಾರ ಹೋಯ್ತು ಅಂತಲೇ?"

ತಟ್ಟೆಯಮ್ಮ ನೆಲದ ಕಡೆಗೇ ನೋಡುತ್ತಿದ್ದಳು. ಯಾರ ತಟ್ಟೆ ಯಾವುದೆಂದು ಗೊತ್ತಿಲ್ಲ. ಆದರೆ ತಟ್ಟೆಗಳು ಅರುವತ್ತೇ. ಒಂದೂ ಒಡೆದಿಲ್ಲ, ಒಂದೂ ಕಳೆದಿಲ್ಲ. ಜಾತ್ರೆಯಲ್ಲಿ ಹೆಸರು ಗೊತ್ತಿಲ್ಲದಿದ್ದರೂ ತಲೆ ಎಣಿಸಬಹುದಲ್ಲ!

"ಮೇಡಂ, ನೀವೇ ಎಣಿಸಿ. ನಾನು ಮುಟ್ಟಲ್ಲ. ನೆಲದ ಕೊಳೆ ಬೆಳೆಯೋಕೆ ಎರಡು ದಿನ ಬೇಕು, ಈಗ ಕಾಣೋದೆಲ್ಲ ಮೊದಲೇ ಇದ್ದಿದ್ದು. ಹಸಿರು ಬೊಟ್ಟು ಇರೋ ತಟ್ಟೆ ಒಟ್ಟು ಎಷ್ಟು?"

ಮೇಡಂ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಹತ್ತು."

ಹದಿನೆಂಟು ವಾರವೂ ಹತ್ತೊಂಬತ್ತಕ್ಕಿಂತ ಕೆಳಗಿಳಿಯದಿದ್ದದ್ದು ಈ ವಾರ ಹತ್ತು. ಗುಂಪಿನಲ್ಲಿ ಗದ್ದಲ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬ ಬಾಯಿ ಮುಚ್ಚಿದ್ದಾನೆ. ಯಾರು ಎಂದು ಹೇಳಲಾಗದು; ಮುಚ್ಚಿದ್ದಂತೂ ನಿಜ. ಇಬ್ಬರು ಹೆಂಗಸರೂ ನೆಲದ ಮೇಲೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದಳು ತಟ್ಟೆಯಮ್ಮ. "ಆದ್ರೆ ಮೇಡಂ, ಇಲಿ ಜೀವಂತ ಇದೆ."

ಶನಿವಾರ, ಭಾನುವಾರ ಅರ್ಜಿ ಬರೆದಳು. ಎಡಗೈಯಲ್ಲಿ ಬರೆದದ್ದು ಬಲಗೈಯದಕ್ಕಿಂತ ಕೆಟ್ಟದಾಗಿರಲು ಸಾಧ್ಯ ಎಂದು ಅಂದು ಗೊತ್ತಾಯಿತು. ಸೋಮವಾರ ಮೇಡಂ ಅವರ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಬೆರಳಿನಿಂದ ಕುಟ್ಟಿದಳು. ಹದಿನೆಂಟು ವಾರದ ಪಟ್ಟಿ ಆಯಿತು. ಅದರ ಕೆಳಗೆ ಇಷ್ಟು ಬರೆದಳು: "ಹತ್ತೊಂಬತ್ತನೆಯ ವಾರ ಗುರುತುಗಳನ್ನು ತಟ್ಟೆಯ ಅಡಿಗೆ ಬರೆಯದೆ ಮುಚ್ಚಳದ ಮೇಲೆ ಬರೆಯಲಾಯಿತು. ಅದನ್ನು ನೋಡಿಯೂ ನಾನು ಸರಿಪಡಿಸಲಿಲ್ಲ. ತಟ್ಟೆಗಳು ಬಿದ್ದು ಮುಚ್ಚಳಗಳು ಬೇರೆಯಾದವು. ಆದ್ದರಿಂದ ಯಾವ ಬೇಸಿನ್ನಿನಲ್ಲಿ ಬೊಟ್ಟು ಕಡಿಮೆಯಾಯಿತೆಂದು ಹೇಳಲಾರೆ. ಒಟ್ಟು ಸಂಖ್ಯೆಯನ್ನು ಮಾತ್ರ ಹೇಳಬಲ್ಲೆ. ಅದು ಹತ್ತು. ಎಣಿಸಿದ್ದು ಬೇರೆಯವರು."

ಆ ಹಾಳೆಯ ಪ್ರತಿಯೊಂದನ್ನು ಮನೆಗೆ ತಂದು ಮೇಜಿನ ಮೇಲಿಟ್ಟಿದ್ದಳು. ಬೋರ್ಡಪ್ಪ ಕನ್ನಡಕ ಹಾಕಿಕೊಂಡು ಓದಿದ. ಅಕ್ಷರ ನೋಡಲು ತೆಗೆದುಕೊಂಡವನು ಅರ್ಥದ ಬಳಿ ನಿಂತ. ಅವನಿಗೆ ಟ್ರೇ ಬಿದ್ದದ್ದು ಗೊತ್ತಿತ್ತು. ಮುಚ್ಚಳದ ಮಾತನ್ನು ಆಕೆ ಹೇಳಿರಲಿಲ್ಲ.

"ಇದು ನಾನು ಮಾಡಿದ್ದಲ್ವಾ?" ಎಂದ. ಸ್ವರ ಸಣ್ಣದಾಗಿತ್ತು.

"ಬರೆದದ್ದು ನೀವು. ನೋಡಿ ಸುಮ್ಮನಿದ್ದದ್ದು ನಾನು."

"ಅವತ್ತೇ ಒಂದು ಮಾತು ಅಂದಿದ್ರೆ ಒರೆಸಿ ಬರೀತಿದ್ನಲ್ಲೇ!"

"ಹೌದು. ಅದೇ ನನ್ನ ತಪ್ಪು."

"ಮತ್ತೆ ಯಾಕೆ ಅನ್ನಲಿಲ್ಲ?"

ಆಕೆ ಬೆಂದ ಕೈಯ ಬಟ್ಟೆಯ ಗಂಟು ಸರಿಮಾಡಿಕೊಂಡಳು. "ನೀವು ಅಷ್ಟು ಖುಷಿಯಾಗಿದ್ರಿ. ಮುರಿಯೋಕೆ ಮನಸ್ಸು ಬರ್ಲಿಲ್ಲ."

ಬೋರ್ಡಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸುವುದು ಮುಗಿದರೂ ಒರೆಸುತ್ತಲೇ ಇದ್ದ. "ಬರೆಯಲಾಯಿತು ಅಂತ ಹಾಕಿದ್ದೀಯ" ಎಂದ ಆಮೇಲೆ. "ಯಾರು ಬರೆದದ್ದು ಅಂತ ಹಾಕಿಲ್ಲ."

"ಅಲ್ಲಿ ಅರ್ಜಿ ಹಾಕ್ತಿರೋದು ನಾನು. ನೀವಲ್ಲ."

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಅರ್ಜಿ ಹನ್ನೊಂದೂ ಮುಕ್ಕಾಲಿಗೆ ಹೋಯಿತು. ಸಂದರ್ಶನಕ್ಕೆ ಕರೆ ಬಂತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿ, ಐದು ಜನರ ಎದುರು ಇಪ್ಪತ್ತು ನಿಮಿಷ ಕುಳಿತು ಬಂದಳು. ಏನು ಕೇಳಿದರು ಎಂದರೆ, "ಹತ್ತೊಂಬತ್ತನೇ ವಾರ ಬಿಟ್ಟು ಬೇರೇನೂ ಕೇಳ್ಲಿಲ್ಲ" ಎಂದಳು. ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

ಮೂರು ವಾರಕ್ಕೆ ಕಾಗದ ಬಂತು. ಪ್ರಶ್ನೆ ಆಯ್ಕೆ ಸಮಿತಿಗೆ ಮೆಚ್ಚಿಗೆಯಾಗಿದೆ. ಸಾಕ್ಷಿ ಅರ್ಧ ಇದೆ. ಹತ್ತೊಂಬತ್ತನೆಯ ವಾರವನ್ನು ಸರಿಯಾದ ಗುರುತಿನೊಂದಿಗೆ ಮತ್ತೊಮ್ಮೆ ಮಾಡಿ, ಆರು ವಾರದೊಳಗೆ ಫಲಿತಾಂಶ ಕಳಿಸುವುದು. ಫಲಿತಾಂಶ ಹೇಗೇ ಬರಲಿ, ಇದ್ದದ್ದನ್ನು ಇದ್ದ ಹಾಗೆ ಕಳಿಸಿದರೆ ಸ್ಥಾನ ನಿಮ್ಮದೇ. ಅಲ್ಲಿಯವರೆಗೆ ಅದನ್ನು ಬೇರೆಯವರಿಗೆ ಕೊಡುವುದಿಲ್ಲ.

ಸುದ್ದಿ ಓಣಿಯುದ್ದಕ್ಕೂ ಹಬ್ಬಿತು. ಕಟ್ಟಡದ ಕಚೇರಿಯವರು ಈ ಸಲ ತಾವಾಗಿಯೇ ನಲ್ಲಿಯ ಕತ್ತು ಕಳಿಸಿಕೊಟ್ಟರು. ರಿಪೇರಿಯವನು, "ಅಕ್ಕಾ, ಈ ಸಲ ಎಷ್ಟು ಸೊಟ್ಟ ಬೇಕು ಹೇಳಿ" ಎಂದು ನಗುತ್ತ ಬಂದ. ವಾರ್ಡಿನ ಸಿಸ್ಟರು ಪಂಕ್ತಿಗೆ ತಾವೇ ಜಾಗ ಗುಡಿಸಿ ಕೊಟ್ಟರು.

ಮಂಗಳವಾರ ಮಧ್ಯಾಹ್ನ ಅರುವತ್ತು ತಟ್ಟೆಗಳು ಆರಿ, ಕಲ್ಲಿನ ಮೇಜಿನ ಮೇಲೆ ಆರಾರರ ಹತ್ತು ಗೋಪುರಗಳಾಗಿ ನಿಂತಿದ್ದವು. ತಟ್ಟೆಯಮ್ಮನ ಅಂಗೈಯಲ್ಲಿ ಹೊಸ ಚರ್ಮ ಬಂದಿತ್ತು. ತೆಳ್ಳಗೆ, ಗುಲಾಬಿ ಬಣ್ಣಕ್ಕೆ, ಪೆನ್ನು ಹಿಡಿದರೆ ಚುರುಗುಟ್ಟುತ್ತಿತ್ತು. ಮೊದಲು ದೊಡ್ಡ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡು, ಕೈ ಇನ್ನೂ ಮಾಗಿಲ್ಲ, ಕೆಲಸ ಬಲ್ಲ ಇಬ್ಬರನ್ನು ಕಳಿಸುತ್ತೇನೆ ಎಂದರು. ಅವರ ಹಿಂದೆ ಬೋರ್ಡಪ್ಪ. ಅಂದು ಅಂಗಡಿಯೊಂದರ ಬೋರ್ಡನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಮೂರು ಹೊಸ ಮಾರ್ಕರ್ ಪೆನ್ನು ಜೇಬಿನಲ್ಲಿದ್ದವು. ಗೋಪುರದಿಂದ ಒಂದು ತಟ್ಟೆಯನ್ನು ತಾನೇ ಎತ್ತಿ, ಬೋರಲು ಹಾಕಿ, ಅಡಿಯನ್ನು ಬೆರಳಿನಿಂದ ತೋರಿಸಿದ.

"ಇಲ್ಲಿ ತಾನೇ? ಇನ್ನು ಸಾಯೋವರೆಗೂ ಮರೆಯಲ್ಲ. ಒಂದೇ ಒಂದು ಅವಕಾಶ ಕೊಡೇ. ನನ್ನ ಕೈಯಿಂದ ಹಾಳಾದದ್ದು ನನ್ನ ಕೈಯಿಂದಲೇ ಸರಿಹೋಗ್ಲಿ."

ತಟ್ಟೆಯಮ್ಮ ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಗೋಪುರದ ತುದಿಗೆ ಅದನ್ನು ಮೆಲ್ಲಗೆ ಇಟ್ಟಳು. ತನ್ನ ಹಳೆಯ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದಳು.

"ಬೇಡ ಮೇಡಂ, ಯಾರನ್ನೂ ಕಳಿಸ್ಬೇಡಿ. ನಿಮಗೂ ಬೇಡ ರೀ. ನಿಮ್ಮ ಕೈಯಿಂದ ಏನೂ ಹಾಳಾಗಿಲ್ಲ, ಎಷ್ಟು ಸಲ ಹೇಳ್ಲಿ? ನಾನು ಬಾಯಿಬಿಡದೆ ಇದ್ದದ್ದಕ್ಕೆ ಹಾಳಾಯ್ತು. ಈಗ ನೀವು ಬರೆದು ಒಂದು ಅಂಕಿ ಹೆಚ್ಚುಕಮ್ಮಿ ಆದ್ರೂ ನಾನು ಮತ್ತೆ ನಿಮ್ಮ ಮುಖ ನೋಡ್ತೀನಿ, ಮತ್ತೆ ಬಾಯಿ ಮುಚ್ಕೋತೀನಿ. ನನ್ನ ಬುದ್ಧಿ ನಂಗೆ ಗೊತ್ತಿಲ್ವಾ? ನನ್ನ ಕಾಗೆ ಕಾಲು ಗುಬ್ಬಿ ಕಾಲನ್ನ ಬೈಯೋಕೆ ನಂಗೆ ಯಾವ ದಾಕ್ಷಿಣ್ಯನೂ ಇಲ್ಲ. ಹೋಗಿ, ಆ ಅಂಗಡಿಯವನು ಅರ್ಧ ಹೆಸರು ಇಟ್ಕೊಂಡು ಕಾಯ್ತಿರ್ತಾನೆ. ಈ ಅರುವತ್ತನ್ನ ನಾನೇ ಬರೀತೀನಿ."